ಹಳೇ ಬಟ್ಟೆ ಮಾರುವವರಿಗೆ, ಕೊಳ್ಳುವವರಿಗೆ: ಚೌಕಾಸಿ ಬಗ್ಗೆ

ಗುಂಪಿನ ಎಲ್ಲರಿಗೂ ಅಡ್ಮಿನ್ ಕಡೆಯಿಂದ ನಮಸ್ಕಾರ. ಚೌಕಾಸಿ ಬೇಡ ಅನ್ನುತ್ತಿಲ್ಲ. ಅದಿಲ್ಲದೆ ಸೀರೆ ಕೊಂಡರೆ ನಮಗೇ ಸಮಾಧಾನ ಇರುವುದಿಲ್ಲ, ಅಲ್ವಾ? ಆದರೆ 400 ರೂಪಾಯಿಯ ಕುರ್ತಾಗೆ "ಕೊರಿಯರ್ ಸೇರಿಸಿ 50ಕ್ಕೆ ಕೊಡ್ತೀರಾ" ಅಂದರೆ ಹೇಗೆ? ಒಗೆದು, ಇಸ್ತ್ರಿ ಮಾಡಿ, ಫೋಟೊ ಹಾಕಿದವರಿಗೆ ಕೈಯಿಂದಲೇ ದುಡ್ಡು ಹೋಗುತ್ತದೆ.

"ಕೊನೇ ಬೆಲೆ" ಎಂದು ಬರೆದಿದ್ದರೆ ಸುಮ್ನೆ ಮತ್ತೆ ಮತ್ತೆ ಕೇಳಬೇಡಿ. ಬರೆದಿಲ್ಲದಿದ್ದರೆ ಒಂದು ಸಲ ಕೇಳಿ, ಅದೂ ಪರ್ಸನಲ್ ಮೆಸೇಜಿನಲ್ಲಿ.

ಮಾರುವವರೂ ಅಷ್ಟೇ. ಕಲೆ, ಹರಿದ ಫಾಲ್, ಕಿತ್ತ ಜರಿ ಇದ್ದರೆ ಮೊದಲೇ ತೋರಿಸಿ. ಕೆಎಸ್‌ಐಸಿ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಮೈಸೂರು ಸಿಲ್ಕ್ ಆದರೆ, ಅಸಲಿ ಅಂತ ಗೊತ್ತಾಗಲು ಸೀರೆಯ ಮೇಲಿನ ಕೋಡ್ ನಂಬರಿನ ಫೋಟೊ ಹಾಕಿ. ಅರ್ಧ ಚೌಕಾಸಿ ಅಲ್ಲೇ ಮುಗಿಯುತ್ತದೆ.

ಹಾಂ, ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಯಾರಾದರೂ ಹಾಕಿ ಅಂದರೆ ಬ್ಲಾಕ್ ಮಾಡಿ, ನನಗೂ ತಿಳಿಸಿ.