ದೋಸ್ತನಿಗೊಂದು ಪತ್ರ: ಬೀಗವಿಲ್ಲದ ಮನೆ

ಪ್ರಿಯ ದೋಸ್ತ,

ನೀನು ಕಲಬುರಗಿ ಬಿಟ್ಟ ಮೇಲೆ ಇಲ್ಲಿ ಗಾಡಿಯ ಮೂರನೇ ಗೇರ್‌ನ ಹೆಸರೆತ್ತುವವರೇ ಇಲ್ಲ. ಈ ಪತ್ರವನ್ನು ನಾಲ್ಕು ಜನರೆದುರು ಬರೆಯುತ್ತಿರುವುದಕ್ಕೆ ಕಾರಣವಿಷ್ಟೇ: ಅವರ ನಾಚಿಕೆಗಾದರೂ ನೀನು ಉತ್ತರಿಸುತ್ತೀ.

ಮನೋರೋಗಿಗಳ ಮನೆಮನೆಗೆ ಹೋಗುವ ನಮ್ಮಂಥವರು ಈ ಕೆಲಸದಲ್ಲಿ ಹುಮ್ಮಸ್ಸು ಕಳೆದುಕೊಳ್ಳದೆ ಉಳಿಯಲು ಏನು ಬೇಕೆಂದು ಮೊನ್ನೆಯ ತರಬೇತಿಯಲ್ಲಿ ಕೇಳಿದರು. ಹೊತ್ತಿಗೆ ಸರಿಯಾಗಿ ಸಂಬಳ, ವರ್ಷವರ್ಷವೂ ನವೀಕರಣಕ್ಕೆ ಕಾಯಬೇಕಿಲ್ಲದ ನೌಕರಿ, ಆರೋಗ್ಯ ಕೇಂದ್ರದಲ್ಲಿ ಖಾಲಿಯಾಗದ ಮಾತ್ರೆ ಎಂದು ಎಲ್ಲರಂತೆ ನಾನೂ ಹೇಳಿದೆ. ಅದರಲ್ಲಿ ಸುಳ್ಳಿಲ್ಲ. ಆರು ತಿಂಗಳು ಬೆನ್ನುಬಿದ್ದು ಮಾತ್ರೆಗೆ ಒಪ್ಪಿಸಿದವನ ಮುಂದೆ ನಿಂತು ‘ಈ ಸಲ ಸ್ಟಾಕ್ ಇಲ್ಲ’ ಎನ್ನುವುದು ಎಂಥ ಅವಮಾನವೆಂದು ನಿನಗೆ ಗೊತ್ತು.

ಆದರೆ ದಾರಿಯುದ್ದಕ್ಕೂ ಕಾಡಿದ್ದು ಬೇರೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತಲ್ಲ, ಆ ಬಳ್ಳಾರಿಯಲ್ಲಿ ತರಬೇತಿ ಮತ್ತು ಔಷಧಿಯ ಜೊತೆಗೆ, ಕೆಳಗಿನವರ ಕೆಲಸವನ್ನು ಜಿಲ್ಲಾ ತಂಡ ನಿಯಮಿತವಾಗಿ ನೋಡಿ ಮಾತಾಡಿಸುವ ಪದ್ಧತಿಯೂ ಇತ್ತು. ಈಗ ನನ್ನ ರಿಜಿಸ್ಟರ್ ಮೇಲಕ್ಕೆ ಹೋಗುತ್ತದೆ, ಮೇಲಿನಿಂದ ಮಾತು ಬರುವುದಿಲ್ಲ. ದತ್ತನ ಕ್ಷೇತ್ರ ಗಾಣಗಾಪುರದಿಂದ ಒಂದೇ ಗಾಡಿಯ ಮೇಲೆ ಮರಳುವಾಗ, ‘ದೆವ್ವ ಹಿಡಿದಿದೆ’ ಎಂದು ಕರೆತಂದವರ ಹತ್ತಿರ ಜಗಳವಾಡದೆ, ಪೂಜೆಯೂ ನಡೆಯಲಿ ಮಾತ್ರೆಯೂ ನಡೆಯಲಿ ಎಂದು ದಿನವಿಡೀ ಹೇಳಿ ಗಂಟಲು ಒಣಗಿದ ನನಗೆ ಚಹಾ ಕೊಡಿಸಿ, ನೀನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ‘ಇವತ್ತು ಯಾವ ಮನಿ ನಿನ್ನ ಬೆನ್ನಿಗೆ ಹತ್ತಿ ಬಂತು?’ ಅದನ್ನು ಕೇಳುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ.

ಹೇಳಿಯೇ ಬಿಡುತ್ತೇನೆ. ‘ಇನ್ನು ಚಿಂತೆ ಇಲ್ಲ’ ಎಂದು ನಾನೇ ತಾಯಿಗೆ ಭರವಸೆ ಕೊಟ್ಟಿದ್ದ ಹುಡುಗನೊಬ್ಬ ಬೇಸಿಗೆಯಲ್ಲಿ ತೀರಿಹೋದ. ಆಮೇಲೆ ಆಕೆಯನ್ನು ಕಂಡು ಬರುವುದು ನನ್ನ ಕೆಲಸವಾಗಿತ್ತು. ಮೂರು ಸಲವೂ ರಿಜಿಸ್ಟರಿನಲ್ಲಿ ‘ಮನೆ ಬೀಗ’ ಎಂದು ಬರೆದೆ. ಬೀಗವಿರಲಿಲ್ಲ. ಆಕೆ ಹೊಸ್ತಿಲಲ್ಲಿ ಕುಳಿತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ನಾನು ಗಾಡಿ ನಿಲ್ಲಿಸದೆ ಮೂರನೇ ಗೇರ್‌ನಲ್ಲೇ ದಾಟಿದೆ. ಮೂರನೇ ಸಲ ಆಕೆ ತಲೆಯೆತ್ತಿ ನೋಡಿದಳು. ಗುರುತು ಹಿಡಿದಳೋ ಇಲ್ಲವೋ, ಕೈ ಮಾತ್ರ ಬೇಳೆಯ ಮೇಲೆ ನಿಂತಿತು.

ಇಷ್ಟೆಲ್ಲ ಬರೆಯುವ ಇರಾದೆ ಇರಲಿಲ್ಲ. ಊರಿಗೆಲ್ಲ ‘ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿರಿ, ಮನಸ್ಸು ಹಗುರಾಗ್ತದ’ ಎಂದು ಚೀಟಿ ಹಂಚುವ ಈ ಮಹಾನುಭಾವನ ಮೊಬೈಲಿನಲ್ಲಿ ಆ ಸಂಖ್ಯೆ ‘ಗ್ಯಾಸ್ ಏಜೆನ್ಸಿ’ ಎಂಬ ಹೆಸರಿನಲ್ಲಿದೆ, ಮನೆಯವರು ನೋಡಿದರೆ ಇರಲಿ ಎಂದು. ನಗು.

ಮಂಗಳವಾರ ಮತ್ತೆ ಆ ಕಡೆ ಹೋಗುತ್ತೇನೆ. ಸಂಜೆ ಆರಕ್ಕೆ ಫೋನ್ ಮಾಡಿ ಆ ಪ್ರಶ್ನೆ ಕೇಳು, ಚಹಾದ ದುಡ್ಡು ನಾನೇ ಕೊಡುತ್ತೇನೆ. ಆಣೆ ಮಾಡಿ ಹೇಳುತ್ತೇನೆ, ಮೂರನೇ ಗೇರ್ ಮುಟ್ಟುವುದಿಲ್ಲ.

ನಿನ್ನ,
ಹಿಂದಿನ ಸೀಟಿನವನು