ಸೀಬೆಹಣ್ಣಿನ ಅಜ್ಜಿಗೆ

ಚಿಕ್ಕಬಳ್ಳಾಪುರದಲ್ಲಿ ಫಲಕದ ಮೇಲಿನ ‘ನಂದಿ’ ಎಂಬುದಷ್ಟನ್ನೇ ಓದಿ ಬಸ್ ಹತ್ತಿದವನು ನಾನು. ಹೋಗಬೇಕಿದ್ದದ್ದು 1,478 ಮೀಟರ್ ಎತ್ತರದ ಬೆಟ್ಟಕ್ಕೆ. ಇಳಿದದ್ದು ಬುಡದ ನಂದಿ ಗ್ರಾಮದಲ್ಲಿ. ಸಾಲದ್ದಕ್ಕೆ, ಕತ್ತಲಲ್ಲಿ ಮನೆ ಬಿಟ್ಟಿದ್ದರಿಂದ ಎಡಗಾಲಿಗೆ ನನ್ನ ಚಪ್ಪಲಿ, ಬಲಗಾಲಿಗೆ ತಮ್ಮನದು. ಅದರ ಉಂಗುಷ್ಟವೂ ಕಿತ್ತುಹೋಯಿತು.

ದೇವಸ್ಥಾನದ ಹತ್ತಿರ ಸೀಬೆಹಣ್ಣು ಮಾರುತ್ತಿದ್ದ ನೀವು ನನ್ನ ಕಾಲುಗಳನ್ನು ನೋಡಿ ಮನಸಾರೆ ನಕ್ಕಿರಿ. ಆಮೇಲೆ ಸೆರಗಿನ ಪಿನ್ನು ತೆಗೆದು ಉಂಗುಷ್ಟಕ್ಕೆ ಸಿಕ್ಕಿಸಿದಿರಿ. “ಯೋಗನಂದೀಶ್ವರ ಮೇಲಿದ್ದಾನೆ, ಇಲ್ಲಿರುವವನು ಭೋಗನಂದೀಶ್ವರ. ನಿನಗೆ ಇವತ್ತು ಯೋಗವಿಲ್ಲ ಕಣಪ್ಪ, ಭೋಗವೇ ಸರಿ” ಎಂದು ಉಪ್ಪುಖಾರ ಹಚ್ಚಿದ ಹಣ್ಣು ಕೊಟ್ಟಿರಿ. ದುಡ್ಡು ಮುಟ್ಟಲಿಲ್ಲ.

ಅಜ್ಜೀ, ನಿಮ್ಮ ಹೆಸರನ್ನೂ ಕೇಳದೆ ಬಂದೆ. ಈ ಕಥೆಯನ್ನು ಮಾತ್ರ ಹೋದ ಮನೆಯಲ್ಲೆಲ್ಲ ಹೇಳುತ್ತಿದ್ದೇನೆ. ತುಂಬಾ ಧನ್ಯವಾದ. ಪಿನ್ನು ಇನ್ನೂ ಚಪ್ಪಲಿಯಲ್ಲೇ ಇದೆ, ತಮ್ಮನಿಗೆ ಗೊತ್ತಿಲ್ಲ.