ಆ ಹತ್ತು ನಿಮಿಷಗಳನ್ನು ಉಳಿಸಿಕೊಟ್ಟವರಿಗೆ

ಅರವತ್ತೆಂಟು ಮಂದಿ ಒಟ್ಟಿಗೆ ಉಸಿರೆಳೆದುಕೊಂಡ ಸದ್ದಿನೊಂದಿಗೆ ಮೊನ್ನೆ ಶನಿವಾರ ಸಂಜೆ ನನ್ನ ಕೃತಿ ಮುಗಿಯಿತು. ಏಳು ವರ್ಷ ಹೊತ್ತು ತಿರುಗಿದ ಭಾರ ಇಳಿದ ಗಳಿಗೆ ಅದು. ವೇದಿಕೆಗೆ ಕರೆದು ನಾಲ್ಕು ಮಾತು ಆಡಿ ಎಂದರು. ಗಂಟಲು ಕಟ್ಟಿತ್ತು, ಕೈಮುಗಿದು ಇಳಿದುಬಂದೆ. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಭೂಮಿಯ ಚರಿತ್ರೆಯನ್ನು ವಾದ್ಯವೃಂದಕ್ಕೆ ಬರೆಯಬೇಕೆಂಬ ಆಸೆ ನನ್ನದು. ಆದರೆ ಅದಕ್ಕೊಂದು ಅಳತೆ ಕೊಟ್ಟವಳು ನನ್ನ ಭೂವಿಜ್ಞಾನಿ ಗೆಳತಿ. ಮೊದಲ ಕರಡಿನಲ್ಲಿ ಜ್ವಾಲಾಮುಖಿಗಳಿಗೆ ಹತ್ತು ನಿಮಿಷ, ಡೈನೊಸಾರ್‌ಗಳಿಗೆ ಹದಿನೈದು ನಿಮಿಷ ಕೊಟ್ಟಿದ್ದೆ. ಅವಳು ಪೆನ್ಸಿಲ್ ಹಿಡಿದು ಪುಟದ ಅಂಚಿನಲ್ಲಿ ಲೆಕ್ಕ ಹಾಕುತ್ತಾ ಕುಳಿತಳು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಹತ್ತು ಕೋಟಿಗೆ ಒಂದು ನಿಮಿಷವೆಂದು ಹಿಡಿದರೆ ಒಟ್ಟು 45 ನಿಮಿಷ 24 ಸೆಕೆಂಡು. ಅದರಲ್ಲಿ ಡೈನೊಸಾರ್‌ಗಳ ಪಾಲು ಒಂದೂಮುಕ್ಕಾಲು ನಿಮಿಷವೂ ಇಲ್ಲ. "ಉಳಿದ ಹೊತ್ತನ್ನು ಯಾರಿಂದ ಕಿತ್ತುಕೊಂಡೆ?" ಎಂದು ಕೇಳಿದಳು. ಅಂದೇ ಕರಡನ್ನು ಪಕ್ಕಕ್ಕಿಟ್ಟೆ. ಈ ಅಳತೆಯನ್ನು ಎಲ್ಲಿಯೂ ಹಿಗ್ಗಿಸುವುದಿಲ್ಲ, ಎಲ್ಲಿಯೂ ಕುಗ್ಗಿಸುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ.

ಮಾತು ಕೊಟ್ಟ ಮೇಲೆ ಅದರ ಕಷ್ಟ ತಿಳಿಯಿತು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ, ಸುಮಾರು 440 ಕೋಟಿ ವರ್ಷ ಹಳೆಯ ಜಿರ್ಕಾನ್ ಹರಳಿಗೆ ಒಂದು ನಿಮಿಷ 24ನೆಯ ಸೆಕೆಂಡಿನಲ್ಲಿ ಟ್ರಯಾಂಗಲ್‌ನ ಒಂದೇ ಒಂದು ಪೆಟ್ಟು. ಗಾಳಿಯಲ್ಲಿ ಆಮ್ಲಜನಕ ನೆಲೆಗೊಳ್ಳುವುದು 21ನೆಯ ನಿಮಿಷ ದಾಟಿದ ಮೇಲೆ. ಕೇಂಬ್ರಿಯನ್ ಕಾಲ, ಅಂದರೆ ಪ್ರಾಣಿಗಳ ದೊಡ್ಡ ಜಾತ್ರೆ ಶುರುವಾಗುವುದು ಸರಿಯಾಗಿ 40ನೆಯ ನಿಮಿಷದಲ್ಲಿ. ಅಲ್ಲಿಯವರೆಗೆ ಕೇಳುಗರನ್ನು ಕಲ್ಲು, ನೀರು ಮತ್ತು ಕಣ್ಣಿಗೆ ಕಾಣದ ಜೀವಗಳ ಜೊತೆಯಲ್ಲಿ ಕೂರಿಸಬೇಕು. ಇದೆಲ್ಲದರ ನಡುವೆ, 180 ಕೋಟಿ ವರ್ಷಗಳ ಹಿಂದಿನಿಂದ 80 ಕೋಟಿ ವರ್ಷಗಳ ಹಿಂದಿನವರೆಗೆ ಒಂದು ಅವಧಿಯಿದೆ. ಹವಾಮಾನ ಹೆಚ್ಚುಕಡಿಮೆ ಒಂದೇ ತೆರ, ಆಮ್ಲಜನಕ ಕಡಿಮೆ, ದೊಡ್ಡ ಹಿಮಯುಗದ ಗುರುತಿಲ್ಲ. ಭೂವಿಜ್ಞಾನಿಗಳೇ ಅದನ್ನು 'ಬೇಸರದ ನೂರು ಕೋಟಿ' ಎಂದು ಕರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಪೂರ್ತಿ ಹತ್ತು ನಿಮಿಷ.

ಕೃತಿಗೆ ಮೊದಲು ಹಣ ಒದಗಿಸಲು ಒಪ್ಪಿದ್ದ ಸಂಸ್ಥೆ ಆ ಹತ್ತು ನಿಮಿಷಗಳನ್ನು ಎರಡಕ್ಕೆ ಇಳಿಸಲು ಹೇಳಿತು. ನಾನು ಒಪ್ಪಲಿಲ್ಲ, ಅವರು ಹಿಂದೆ ಸರಿದರು. ಸ್ವರಲಿಪಿ ಮೂರು ವರ್ಷ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಆ ಮೂರು ವರ್ಷಗಳಲ್ಲಿ ನಾನು ಒಂದು ಸಾಲು ಸಂಗೀತವನ್ನೂ ಬರೆಯಲಿಲ್ಲ. ಆಗ ಮನೆಯವರು ನನ್ನನ್ನು ಸಹಿಸಿಕೊಂಡ ರೀತಿಗೆ ನಾನು ಯಾವ ಮಾತಿನಲ್ಲಿ ನಮಸ್ಕಾರ ಹೇಳಿದರೂ ಸಾಲದು.

ಖಾನೆ ತೆರೆಸಿದವರು ವಾದ್ಯವೃಂದದ ನಿರ್ದೇಶಕಿ. ಸ್ವರಲಿಪಿ ತರಿಸಿಕೊಂಡು ಓದಿ, ಎರಡು ದಿನ ಬಿಟ್ಟು ಕರೆಮಾಡಿದರು. "ಮಧ್ಯದ ಹತ್ತು ನಿಮಿಷ ಹಾಗೆಯೇ ಇರಲಿ. ಅದಿಲ್ಲದಿದ್ದರೆ ನನಗೆ ಈ ಕೃತಿ ಬೇಡ" ಎಂದರು. ಅಮ್ಮಾ, ಆ ಒಂದು ಮಾತಿನ ಋಣ ನನ್ನ ಮೇಲಿದೆ.

ಹತ್ತು ಮಂದಿ ವಯೋಲ ವಾದಕರ ಬಗ್ಗೆ ನಿಧಾನವಾಗಿ ಬರೆಯಬೇಕು. ಆ ಹತ್ತು ನಿಮಿಷವೂ ಅವರದೇ. ಒಂದೇ ಸ್ವರ, ತಂತಿಯ ನಾದವನ್ನು ಕುಗ್ಗಿಸುವ ಮ್ಯೂಟ್ ಸಿಕ್ಕಿಸಿಕೊಂಡು, ಎಲ್ಲಿಯೂ ಕಡಿಯದ ಹಾಗೆ ನುಡಿಸಬೇಕು. ಕಮಾನಿಗೆ ಕೊನೆಯಿದೆ, ಸ್ವರಕ್ಕೆ ಇರಬಾರದು. ಅದಕ್ಕಾಗಿ ಒಬ್ಬರು ಕಮಾನು ತಿರುಗಿಸುವಾಗ ಉಳಿದ ಒಂಬತ್ತು ಮಂದಿ ಅವರ ಸ್ವರವನ್ನು ಹೊತ್ತುಕೊಳ್ಳಬೇಕು. ಮೊದಲ ತಾಲೀಮಿನಲ್ಲಿ ನಾಲ್ಕನೆಯ ನಿಮಿಷಕ್ಕೇ ಒಬ್ಬರ ಭುಜ ನಡುಗಿ ಸ್ವರ ಅಲುಗಿತು. ಅವರು ನನ್ನ ಮೇಲೆ ಸಿಟ್ಟಾಗಲು ನೂರು ಕಾರಣಗಳಿದ್ದವು. ಆಗಲಿಲ್ಲ. ಬಿಡುವಿನಲ್ಲಿ ಹತ್ತೂ ಮಂದಿ ಕುರ್ಚಿಗಳನ್ನು ಅರ್ಧವೃತ್ತಕ್ಕೆ ಎಳೆದುಕೊಂಡು, ಯಾರ ನಂತರ ಯಾರು ತಿರುಗಿಸಬೇಕೆಂದು ಬೆರಳೆಣಿಸಿ ಗೊತ್ತುಮಾಡಿಕೊಂಡರು. ಐದನೆಯ ತಾಲೀಮಿನ ಹೊತ್ತಿಗೆ ಲೆಕ್ಕದ ಅಗತ್ಯವೇ ಬೀಳಲಿಲ್ಲ. ಪಕ್ಕದವರ ಮೊಣಕೈ ನೋಡಿಯೇ ತಿಳಿಯುತ್ತಿತ್ತು. ಅಂದು ಮುಗಿಸಿ ಎದ್ದಾಗ ಅವರ ಕಪ್ಪು ಉಡುಪಿನ ಮಡಿಲಲ್ಲಿ ಕಮಾನಿನ ರಾಳದ ಬಿಳಿ ಪುಡಿ ಧೂಳಿನಂತೆ ಕೂತಿತ್ತು. ಕಡಲ ತಳದಲ್ಲಿ ಹೂಳು ಕೂರುವುದನ್ನು ಬರೆಯಲು ಹೊರಟವನ ಕಣ್ಣಮುಂದೆಯೇ ಹಾಗೆ ಕೂತದ್ದು!

ಆ ಹತ್ತು ನಿಮಿಷ ನಿಜಕ್ಕೂ ಬರಿದಲ್ಲ. ಉತ್ತರ ಧ್ರುವದ ಕಡೆಯ ಕೆನಡಾದ ಬಂಡೆಗಳಲ್ಲಿ ಒಂದು ಕೆಂಪು ಪಾಚಿಯ ಪಳೆಯುಳಿಕೆ ಸಿಕ್ಕಿದೆ, ಸುಮಾರು 105 ಕೋಟಿ ವರ್ಷ ಹಳೆಯದು. ಎರಡು ಜೀವಗಳು ಕೂಡಿ ಮೂರನೆಯದು ಹುಟ್ಟುವ ರೀತಿಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷ್ಯಗಳಲ್ಲಿ ಅದೂ ಒಂದು. ಅದಕ್ಕೆಂದು 35ನೆಯ ನಿಮಿಷಕ್ಕೆ ತುಸು ಮೊದಲು ಓಬೋಗೆ ಎರಡೇ ಸ್ವರ ಬರೆದಿದ್ದೆ. ಓಬೋ ವಾದಕರು ಆ ಎರಡು ಸ್ವರಗಳಿಗಾಗಿ ಹದಿಮೂರು ನಿಮಿಷ ಸುಮ್ಮನೆ ಕುಳಿತು, ನಾಲಿಗೆಯಲ್ಲಿ ರೀಡನ್ನು ಒದ್ದೆ ಮಾಡುತ್ತಾ ಕಾದು, ಅಷ್ಟು ಮೆಲ್ಲಗೆ ನುಡಿಸಿದರಲ್ಲ, ಮುಂದಿನ ಸಾಲಿನ ಒಬ್ಬರು ತಲೆಯೆತ್ತಿ ಯಾರು ಬಂದರೆಂದು ನೋಡುವವರ ಹಾಗೆ ನೋಡಿದರು. ಸ್ವಾಮಿ, ನನಗೆ ಅಷ್ಟು ಸಾಕು.

ಡಬಲ್ ಬಾಸ್‌ನವರಿಗೆ ನಾನು ಕೊಟ್ಟ ಕಷ್ಟವೇ ಬೇರೆ. ಚಂದ್ರ ಎಬ್ಬಿಸುವ ಉಬ್ಬರವಿಳಿತಗಳ ಎಳೆತಕ್ಕೆ ಭೂಮಿಯ ತಿರುಗಾಟ ನಿಧಾನವಾಗುತ್ತಾ ಬಂದಿದೆ. ಹಿಂದೆ ದಿನ ಚಿಕ್ಕದಿತ್ತು. ಡೆವೋನಿಯನ್ ಕಾಲದ, ಅಂದರೆ ಸುಮಾರು 40 ಕೋಟಿ ವರ್ಷಗಳ ಹಿಂದಿನ, ಹವಳದ ಪಳೆಯುಳಿಕೆಯೊಂದರ ಚಿತ್ರವನ್ನು ಗೆಳತಿ ನನಗೆ ಕಳಿಸಿದ್ದಳು. ವರ್ಷಕ್ಕೊಂದು ದಪ್ಪ ಪಟ್ಟಿ, ಪಟ್ಟಿಗಳ ನಡುವೆ ದಿನಕ್ಕೊಂದು ಕೂದಲೆಳೆಯಂಥ ಗೆರೆ. ಅಂಥ ಗೆರೆಗಳನ್ನು ಎಣಿಸಿದವರಿಗೆ ಆ ಕಾಲದ ವರ್ಷದಲ್ಲಿ ಸುಮಾರು 400 ದಿನಗಳಿದ್ದವೆಂದು ತಿಳಿಯಿತು. ಅದಕ್ಕೇ ಬಾಸ್‌ಗಳ ಮಿಡಿತ ಮೊದಲಿನಿಂದ ಕೊನೆಯವರೆಗೆ ಯಾರಿಗೂ ಗೊತ್ತಾಗದಷ್ಟು ನಿಧಾನವಾಗಿ ಇಳಿಯುತ್ತಾ ಹೋಗಬೇಕಿತ್ತು. ನಾಲ್ವರೂ ಹಾಗೆಯೇ ಇಳಿಸಿದರು.

25.2 ಕೋಟಿ ವರ್ಷಗಳ ಹಿಂದೆ ಸೈಬೀರಿಯಾದಲ್ಲಿ ಲಾವಾ ಹರಿದು, ಕಡಲಿನ ಬಹುಪಾಲು ಪ್ರಭೇದಗಳು ಅಳಿದ ಜಾಗದಲ್ಲಿ ವಾದಕರು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಬೇಕಿತ್ತು. ವಾದ್ಯವನ್ನು ಮಡಿಲಿಗೆ ಇಳಿಸುವಾಗ ಸದ್ದಾಗದಂತೆ ನೋಡಿಕೊಂಡವರೆಲ್ಲರಿಗೂ ವಂದನೆ. ಕೊನೆಗೆ ಎರಡು ಕೊಳಲು ಮಾತ್ರ ಉಳಿದವು. ಅವುಗಳ ಸ್ವರ ನನ್ನ ಕಿವಿಯಲ್ಲಿ ಇನ್ನೂ ಇದೆ.

ಸ್ವರಲಿಪಿಯನ್ನು ವಾದ್ಯವಾರು ಬಿಡಿಸಿ, ತಿದ್ದಿ, ರಾತ್ರಿ ಮೂರು ಗಂಟೆಗೆ ನನ್ನ ತಪ್ಪೊಂದನ್ನು ಹಿಡಿದುಕೊಟ್ಟ ಲಿಪಿಕಾರ ತಮ್ಮನಿಗೂ, ವೇದಿಕೆ ಸಜ್ಜುಗೊಳಿಸಿದವರಿಗೂ ನಾನು ಋಣಿ. ಕೇಳಲು ಬಂದವರಿಗೆ ಬೇರೆಯೇ ಹೇಳಬೇಕು. ಆಧುನಿಕ ಮಾನವ ಬಂದು ಸುಮಾರು 3 ಲಕ್ಷ ವರ್ಷ; ಈ ಅಳತೆಯಲ್ಲಿ ಅದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕೆ ನಾನು ಸ್ವರ ಬರೆಯಲಿಲ್ಲ. ಕಮಾನುಗಳು ಮೇಲೆದ್ದ ಮೇಲೆ, ಮುಂದಿನ ಸಾಲು ನುಡಿಸಲು ಹೊರಟವರಂತೆ ಎಲ್ಲರೂ ಒಮ್ಮೆ ಉಸಿರೆಳೆದುಕೊಳ್ಳಲಿ ಎಂದಷ್ಟೇ ಸೂಚಿಸಿದ್ದೆ. ಆ ಉಸಿರಿನ ನಂತರ ನೀವು ಚಪ್ಪಾಳೆಗೆ ಅವಸರ ಮಾಡಲಿಲ್ಲ. ಬೇಸರದ ನೂರು ಕೋಟಿಯಲ್ಲೂ ಒಬ್ಬರೂ ಎದ್ದು ಹೋಗಲಿಲ್ಲ. ಬಾಗಿಲ ಬಳಿ ನಿಂತು ನಾನು ನೋಡುತ್ತಲೇ ಇದ್ದೆ.

ಗೆಳತಿ, ತಾಳವಾದ್ಯದವರಿಗೆಂದು ನೀನು ಕೊಟ್ಟ ಐದು ಫೋನೋಲೈಟ್ ಕಲ್ಲುಗಳು ನನ್ನ ಕೋಣೆಯಲ್ಲಿವೆ. ಬಡಿದರೆ ಗಂಟೆಯಂತೆ ನುಡಿಯುವುದರಿಂದಲೇ ಆ ಕಲ್ಲಿಗೆ ಆ ಹೆಸರು ಎಂದು ನೀನು ಹೇಳಿದಾಗ ನಾನು ನಂಬಿರಲಿಲ್ಲ. ಎರಡೂ ತುದಿಗಳಿಂದ ಉದ್ದದ ಕಾಲುಭಾಗಕ್ಕೆ ತುಸು ಈಚೆ ದಪ್ಪ ಬಟ್ಟೆಯ ಮೇಲೆ ಕೂರಿಸಿದಾಗ ಅವು ನುಡಿದದ್ದನ್ನು ನೀನೇ ಕೇಳಿದೆ. ಮೂರನೆಯ ತಾಲೀಮಿನಲ್ಲಿ ದೊಡ್ಡದರ ಒಂದು ಮೂಲೆ ಉಗುರಿನಷ್ಟು ಚಕ್ಕೆ ಎದ್ದಿದೆ, ಕ್ಷಮಿಸು. ಆ ಚಕ್ಕೆಯನ್ನೂ ಕಾಗದದಲ್ಲಿ ಸುತ್ತಿ ಜೊತೆಗೇ ಇಟ್ಟಿದ್ದೇನೆ. ಬಿಡುವಾದಾಗ ಬಂದು ತೆಗೆದುಕೊಂಡು ಹೋಗು.